ಎಡಮುಖ

ಸ್ಟುಡಿಯೋದ ಬೀಗ ತೆಗೆಯುವ ಮೊದಲು ತಿಪ್ಪೇರುದ್ರ ಎದುರಿನ ಟ್ರಾನ್ಸ್‌ಫಾರ್ಮರ್ ಕಡೆ ಕಿವಿ ಕೊಟ್ಟು ನಿಂತ. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಬೀದಿಯಲ್ಲಿ ಹೋಗುವವರಿಗೆ ಯಾರನ್ನೋ ಕಾಯುತ್ತಿರುವಂತೆ ಕಾಣಲಿ ಎಂದು ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಎರಡು ಕಂಬಗಳ ನಡುವೆ ಕೂತ ಆ ಬೂದು ಡಬ್ಬದೊಳಗಿನ ಕಬ್ಬಿಣ ಸೆಕೆಂಡಿಗೆ ನೂರು ಸಲ ಹಿಗ್ಗಿ ಕುಗ್ಗುತ್ತದೆ, ಗುಂಯ್ ಎನ್ನುವ ಸದ್ದು ಅದರದ್ದೇ ಎಂದು ಬಿಎಸ್ಸಿಯಲ್ಲಿ ಓದಿದ್ದ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಆ ಸದ್ದು ನಿಂತುಹೋದಾಗ ಅವನಿಗೆ ಸಂತೋಷವೇ ಆಗಿತ್ತು; ರೆಕಾರ್ಡಿಂಗಿಗೆ ಅದೊಂದು ಕಾಟವಾಗಿತ್ತು. ಕಂಬದ ಕೆಳಗೆ ಬೀಡಿ ಸೇದುತ್ತ ನಿಂತಿದ್ದ ಲೈನ್‌ಮನ್ ವೀರೇಶನಿಗೆ, ‘ಅಂತೂ ರಿಪೇರಿ ಮಾಡಿದ್ರಲ್ಲಪ್ಪ’ ಎಂದಿದ್ದ. ವೀರೇಶ ಡಬ್ಬ ನೋಡಿ, ಇವನ ಮುಖ ನೋಡಿ, ‘ಯಾವ ರಿಪೇರಿ ಸಾರ್? ಮೊದ್ಲಿಗಿಂತ ಜಾಸ್ತಿ ಬಡ್ಕಂತೈತಲ್ಲ’ ಎಂದು ನಕ್ಕಿದ್ದ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಿಪ್ಪೇರುದ್ರ ಬೆಚ್ಚಿದ್ದು ಆ ನಗು ತೆಳ್ಳಗಿದ್ದದ್ದರಿಂದ. ಅಷ್ಟು ದೊಡ್ಡ ಎದೆಯ ಆಳು ತಗಡಿನ ಡಬ್ಬಿಯೊಳಗೆ ಕೂತು ನಕ್ಕಂತೆ ಕೇಳಿಸಿತ್ತು. ಇವತ್ತೂ ಟ್ರಾನ್ಸ್‌ಫಾರ್ಮರ್ ಸುಮ್ಮನಿತ್ತು. ತಂತಿಯ ಮೇಲಿನ ಕಾಗೆ ಕೇಳಿಸಿತು, ಪಕ್ಕದ ಎಣ್ಣೆಮಿಲ್ಲಿನ ಗೇಟು ಕಿರುಗುಟ್ಟಿದ್ದು ಕೇಳಿಸಿತು, ಬೆನ್ನ ಹಿಂದೆ ಹಾದುಹೋದ ಲಾರಿಯ ಬ್ರೇಕು ಕೇಳಿಸಿತು. ಲಾರಿ ಕೇಳಿಸಲಿಲ್ಲ.

ಮೊಬೈಲು ಕೈಯಲ್ಲೇ ಹೊಡೆದುಕೊಂಡಿತು. ಶಾಂತಕುಮಾರಿ. ಕುದಾಪುರದ ಕಡೆ ವಿಜ್ಞಾನ ಸಂಸ್ಥೆಯೊಂದರ ತೋಟದಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸದ ಹೆಂಗಸು. ಇವತ್ತು ಅದಕ್ಕೆ ರಜೆ ಹಾಕಿ, ಉರುಮೆ ವಾದ್ಯ ಬಾರಿಸುತ್ತಿದ್ದ ತಂದೆ ಕ್ಯಾತಪ್ಪನನ್ನು ಕರೆತರುತ್ತಿದ್ದಳು. ‘ಸಾರ್, ಕೊಂಡ್ಲಹಳ್ಳಿ ಬಿಟ್ವಿ. ನಮ್ಮಪ್ಪ ಕೋಳಿ ಕೂಗಾಕೆ ಮುಂಚೆ ಎದ್ದು ಹೊಸ ಪಂಚೆ ಉಟ್ಕಂಡು ಕುಂತಿದ್ದ. ನನ್ ಉರುಮೆ ನಾನು ಕೇಳ್ಬೇಕು ಅಂತ ಒಂದೇ ಸಮ.’ ‘ಬನ್ನಿ, ಬನ್ನಿ’ ಎಂದ. ಆಮೇಲೆ ಏನೋ ತೋಚದೆ ‘ನಿಧಾನಕ್ಕೆ ಬನ್ನಿ’ ಎಂದ. ಬಸ್ಸನ್ನು ನಿಧಾನ ಮಾಡುವುದು ಅವಳ ಕೈಯಲ್ಲಿದೆಯೋ ಎನ್ನುವಂತೆ.

ಒಳಗೆ ಬಂದು ಅಗಳಿ ಹಾಕಿ, ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಅರವತ್ತರ ಸ್ವರ, ಸೆಕೆಂಡಿಗೆ ಅರವತ್ತು ಸಲ ಕಂಪಿಸುವ ತಗ್ಗಿನ ಸ್ವರ, ಹಚ್ಚಿ, ಮಟ್ಟವನ್ನು ಸೊನ್ನೆಯಿಂದ ಒಂದೊಂದೇ ಅಂಕಿ ಏರಿಸುತ್ತ ಹೋದ. ಕೇಳಿಸಿದ ಕ್ಷಣ ಕೈ ತೆಗೆದು ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆಯಬೇಕು. ಹದಿಮೂರು ತಿಂಗಳಿಂದ ದಿನಾ ಹೀಗೆ. ಆದರೆ ಕೇಳಿಸಿತು ಅನ್ನಿಸುವುದಕ್ಕೂ ಕೇಳಿಸುವುದಕ್ಕೂ ನಡುವಿನ ಅಂತರವನ್ನು ಅಳೆಯಲು ಅವನಲ್ಲಿ ಯಾವ ಉಪಕರಣವೂ ಇರಲಿಲ್ಲ. ನಿನ್ನೆ ಎಡಕ್ಕೆ ಅರವತ್ತೆಂಟು, ಬಲಕ್ಕೆ ಐವತ್ತೊಂಬತ್ತು. ಇವತ್ತು ಎಪ್ಪತ್ತೊಂದು, ಅರವತ್ತು. ದಾವಣಗೆರೆಯ ಡಾಕ್ಟರಮ್ಮ ಎರಡು ಗೆರೆ ಎಳೆದು ತೋರಿಸಿದ್ದರು: ‘ವಯಸ್ಸಾದವರದ್ದು ಹೀಗೆ ಇಳಿಯುತ್ತೆ, ಹಕ್ಕಿ ಕೂಗು, ಹೆಂಗಸರ ಮಾತು ಮೊದಲು ಹೋಗುತ್ತೆ. ನಿಮ್ಮದು ಉಲ್ಟಾ. ಒಳಗಿವಿಯಲ್ಲಿ ನೀರು ತುಂಬ್ತಿದೆ. ಉಪ್ಪು ಬಿಡಿ. ಏನು ಕೆಲಸ ಮಾಡ್ತೀರಿ?’ ‘ವ್ಯಾಪಾರ’ ಎಂದಿದ್ದ. ‘ಏನು ವ್ಯಾಪಾರ?’ ‘ಕಂಬಳಿ.’ ‘ಹಾಗಾದರೆ ಪರವಾಗಿಲ್ಲ’ ಎಂದು ಡಾಕ್ಟರಮ್ಮ ನಕ್ಕು ಚೀಟಿ ಬರೆದಿದ್ದರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಾಗ ಅವನಿಗೆ ಹೊಳೆದದ್ದು, ಯಾವ ಕೆಲಸವಾಗಿದ್ದರೆ ತೊಂದರೆಯಾಗುತ್ತಿತ್ತು ಎಂದು ತಾನು ಕೇಳಲಿಲ್ಲ ಎನ್ನುವುದು. ಮನೆಯಲ್ಲಿ ಹೆಂಡತಿ ದಾಕ್ಷಾಯಿಣಿಗೆ, ತನಗೆ ಬಿಪಿ ಎಂದು ಹೇಳಿದ್ದಾನೆ. ಅವಳು ಎರಡು ಪಾತ್ರೆಯಲ್ಲಿ ಸಾರು ಕುದಿಸುತ್ತಾಳೆ, ಒಂದು ಉಪ್ಪಿಲ್ಲದ್ದು.

ಕಂಬಳಿ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಬೆಂಗಳೂರು ಬಿಟ್ಟು ಚಳ್ಳಕೆರೆಗೆ ವಾಪಸಾದಾಗ ಎಣ್ಣೆಮಿಲ್ಲಿನ ಈ ಹಳೆಯ ಶೇಂಗಾ ಗೋದಾಮು ಹಿಡಿದು, ನಾಲ್ಕು ಗೋಡೆಗೂ ಸಂತೆಯಿಂದ ತಂದ ಕರಿಕಂಬಳಿ ಇಳಿಬಿಟ್ಟಿದ್ದ. ‘ಕುರಿಹಟ್ಟಿ ಮಾಡಿದ್ದೀರಲ್ರೀ’ ಎಂದು ದಾಕ್ಷಾಯಿಣಿ ಮೂಗು ಮುಚ್ಚಿಕೊಂಡಿದ್ದಳು. ಕಂಬಳಿ ಮೇಲಿನ ಸ್ವರಗಳನ್ನು ಕುಡಿದುಬಿಡುತ್ತದೆ. ತಗ್ಗಿನದ್ದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಐವತ್ತರ ಸ್ವರದ ಒಂದು ಅಲೆ ಏಳು ಮೀಟರ್ ಉದ್ದ, ಈ ಕೋಣೆಗಿಂತ ಉದ್ದ. ಅದಕ್ಕೆ ಕಂಬಳಿಯೂ ಒಂದೇ, ಗೋಡೆಯೂ ಒಂದೇ. ಇಪ್ಪತ್ತೆಂಟು ವರ್ಷ ಅವನು ಬದುಕಿದ್ದು ಆ ತಗ್ಗಿನಲ್ಲಿ. ಕಾಲೇಜು ಬಿಟ್ಟ ವರ್ಷ ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರಿನವನು ಕೈಕೊಟ್ಟಾಗ, ಪಾರ್ಟಿಯ ಯಜಮಾನ ಚಂದ್ರಣ್ಣ ಅದನ್ನು ಇವನ ಕೊರಳಿಗೆ ತಗುಲಿಹಾಕಿದ್ದ. ‘ನಾಕೇ ತಂತಿ ಕಣ್ಲೇ. ಆರು ಕೊಳ್ಳಾಕೆ ಗತಿ ಇಲ್ದೋರ ಗಿಟಾರು ಇದು. ಹಿಂದ್ಗಡೆ ಡ್ರಮ್ಮಿನ ಪಕ್ಕ ನಿಂತ್ಕ, ಅವ್ನು ಒದ್ದಾಗ ನೀನು ಮೀಟು. ತಪ್ಪು ಬಾರ್ಸಿದ್ರೂ ಯಾವ ನನ್ಮಗನಿಗೂ ಗೊತ್ತಾಗಾಕಿಲ್ಲ, ಧೈರ್ಯವಾಗಿರು.’ ಪಾರ್ಟಿಯವರೆಲ್ಲ ನಕ್ಕಿದ್ದರು. ಗಾಂಧಿನಗರದ ಸ್ಟುಡಿಯೋಗಳಲ್ಲಿ, ಗಾಜಿನ ಈ ಕಡೆ ಕೂತು ನುಡಿಸುವಾಗಲೂ, ಆಮೇಲೆ ಆ ಕಡೆ ಕೂತು ರೆಕಾರ್ಡ್ ಮಾಡುತ್ತ ನುಡಿಸಿದವರನ್ನು ತೂಗುವಾಗಲೂ ಆ ಮಾತು ಅವನ ಜೊತೆಗಿತ್ತು. ಅವಮಾನವಾಗಿ ಮೊದಲು, ಹೋಗಹೋಗುತ್ತ ಒಂದು ರಕ್ಷಣೆಯಾಗಿ. ಯಾರಿಗೂ ಗೊತ್ತಾಗುವುದಿಲ್ಲ. ಮುನ್ನೂರು ಹಾಡಾದರೂ ಅವ್ವನಿಗೇ ಗೊತ್ತಾಗಿರಲಿಲ್ಲ. ಅವಳು ಅಡುಗೆಮನೆಯ ಸಣ್ಣ ರೇಡಿಯೋಕ್ಕೆ ಕಿವಿಯಾನಿಸಿ, ‘ಇದ್ರಾಗೆ ನಿಂದ್ಯಾವ್ದೋ?’ ಎಂದು ಕೇಳುತ್ತಿದ್ದಳು. ‘ರೇಡಿಯೋ ಬಾಯಿ ಸಣ್ಣದವ್ವ, ಅದ್ರಾಗೆ ಬರಲ್ಲ.’ ‘ಮತ್ತೆ ಅವ್ರದೆಲ್ಲಾ ಬತ್ತೈತೆ?’ ಎಂದು ಸೌಟು ಹಿಡಿದುಕೊಂಡೇ ನೋಡಿದ ಆ ನೋಟದಲ್ಲಿ ಅನುಮಾನವಿತ್ತು, ಮಗ ಬೆಂಗಳೂರಿನಲ್ಲಿ ನಿಜಕ್ಕೂ ಮಾಡುವುದೇನು ಎಂದು.

ಗಡಿಯಾರ ಹತ್ತೂಕಾಲು. ಪರದೆಯ ಮೇಲೆ ಉರುಮೆಯ ಫೈಲು ತೆರೆದ. ಶಾಂತಕುಮಾರಿ ಜನವರಿಯಲ್ಲಿ ಬಂದು ಬಾಗಿಲಲ್ಲೇ ನಿಂತು ಹೇಳಿದ್ದಳು: ‘ಅಪ್ಪನ ಕೈ ನಡುಗ್ತೈತೆ ಸಾರ್. ಶಿವರಾತ್ರಿ ಆದ್ಮೇಲೆ ಉರುಮೆ ನಮ್ ಚಿಕ್ಕಪ್ಪನ ಮಗ ಈರೇಶನ ಕೈಗೆ ಹೋಗ್ತೈತೆ. ಕೈ ಬದ್ಲಾದ್ರೆ ನಮ್ ಹಟ್ಟೀಲಿ ಚರ್ಮನೂ ಬದ್ಲಾಯಿಸ್ತಾರೆ. ಬಿಚ್ಚಿದ್ದನ್ನ ಹುತ್ತಕ್ಕೆ ಹಾಕ್ತಾರೆ. ಅಷ್ಟ್ರೊಳಗೆ ಒಂದ್ಸಲ ಹಿಡಿದಿಡ್ತೀರಾ?’ ಹದಿನೇಳು ವರ್ಷ ಒಬ್ಬನೇ ಬಾರಿಸಿದ ಚರ್ಮ. ಉರುಮೆಗೆ ಎರಡು ಮುಖ: ಬಲಮುಖಕ್ಕೆ ಬಡಿತ, ಎಡಮುಖಕ್ಕೆ ಬಾಗಿದ ಕೋಲಿನಿಂದ ಉಜ್ಜು. ಉಜ್ಜಿದಾಗ ಏಳುವುದು ಮನುಷ್ಯ ಬಾಯಿ ಮುಚ್ಚಿ ನರಳಿದಂಥ ತಗ್ಗುದನಿ; ಹಟ್ಟಿಯ ದೇವರೆತ್ತುಗಳು ಮೆಲುಕು ನಿಲ್ಲಿಸಿ ತಲೆಯೆತ್ತುವುದು ಅದಕ್ಕೇ. ಬೇಸ್ ನುಡಿಸುವವನನ್ನೇ ಹುಡುಕಿಕೊಂಡು ಬಂದಿದ್ದಾರೆ ಎಂದು ತಿಪ್ಪೇರುದ್ರ ಹಿಗ್ಗಿದ್ದ. ಶಿವರಾತ್ರಿಗೆ ಮೂರು ದಿನ ಮುಂಚೆ, ಕೊಂಡ್ಲಹಳ್ಳಿ ಆಚೆಯ ಹಟ್ಟಿಯ ಬಯಲಲ್ಲಿ, ಬೆಳಗಿನ ಗಾಳಿಯಲ್ಲಿ, ಹನ್ನೆರಡು ನಿಮಿಷ ಕ್ಯಾತಪ್ಪ ಕಣ್ಣುಮುಚ್ಚಿ ಬಾರಿಸಿದ. ತಿಪ್ಪೇರುದ್ರ ಹೆಡ್‌ಫೋನಿನಲ್ಲಿ ಕೇಳುತ್ತ ಹೆಬ್ಬೆರಳೆತ್ತಿ ತೋರಿಸಿದ್ದ.

ಮಾರನೆಯ ದಿನ ಇಲ್ಲಿ ಕೂತು ನೋಡಿದರೆ ಪರದೆಯಲ್ಲಿ ನೂರ ಅರವತ್ತರ ಕೆಳಗೆ ಬರಿದು. ಬಿತ್ತನೆಯಾಗದ ಹೊಲದ ಹಾಗೆ ಕಪ್ಪಗೆ. ಅವನು ರೆಕಾರ್ಡರನ್ನು ಚೀಲದಿಂದ ತೆಗೆದು ತಿರುಗಿಸಿದ. ಅದರ ಬೆನ್ನಿಗೆ ಅಕ್ಕಿಕಾಳಿನಷ್ಟು ಸ್ವಿಚ್ಚು. ಗಾಳಿಯ ಗೊರಗೊರ ಬಾರದಿರಲಿ ಎಂದು ತಗ್ಗಿನ ಸದ್ದನ್ನೆಲ್ಲ ಕತ್ತರಿಸುವುದು. ಹಿಂದಿನ ವಾರ ಯಾವುದೋ ಶಾಲೆಯ ಬಯಲು ಸಮಾರಂಭದ ಭಾಷಣಕ್ಕೆ ಹಾಕಿದ್ದು ಹಾಗೇ ಉಳಿದಿತ್ತು. ಹೊಸದಾಗಿ ಕಲಿಯುವವನು ಕೂಡ ಎರಡನೇ ಬಡಿತಕ್ಕೆ ಹಿಡಿಯುತ್ತಿದ್ದ ತಪ್ಪು. ಹಾಗಾದರೆ ಹೆಬ್ಬೆರಳೆತ್ತಿದಾಗ ತಾನು ಕೇಳಿದ್ದೇನು? ಅದರ ಉತ್ತರ ಅವನಿಗೆ ಪುಸ್ತಕದಿಂದ ಗೊತ್ತಿತ್ತು, ಗೊತ್ತಿದ್ದದ್ದೇ ಹೆದರಿಕೆ. ಬುಡದ ಸ್ವರ ಇಲ್ಲದಿದ್ದರೂ ಅದರ ಮೇಲಿನ ಸ್ವರಗಳನ್ನು ಕೊಟ್ಟರೆ ಮಿದುಳು ಬುಡವನ್ನು ತಾನೇ ಕಟ್ಟಿಕೊಳ್ಳುತ್ತದೆ. ಬೇರಿಲ್ಲದ ಮರಕ್ಕೆ ಬೇರು ಕಾಣುತ್ತದೆ. ಹಾಗಾದರೆ ಈ ಹದಿಮೂರು ತಿಂಗಳಲ್ಲಿ ಕೇಳಿಸಿತು ಎಂದು ಬರೆದ ಅಂಕಿಗಳಲ್ಲಿ ಎಷ್ಟು ಕಿವಿಯವು, ಎಷ್ಟು ನೆನಪಿನವು? ಆ ಸಂಜೆಯೇ ಶಾಂತಕುಮಾರಿಗೆ ಫೋನು ಮಾಡಲು ಕೂತ. ಇನ್ನೊಮ್ಮೆ ಬಾರಿಸಬೇಕು ಎಂದರೆ ಯಾಕೆ ಎನ್ನುತ್ತಾಳೆ. ಸ್ವಿಚ್ಚು ಎಂದರೆ, ಅವತ್ತೇ ಕೇಳಿಸಲಿಲ್ವಾ ಎನ್ನುತ್ತಾಳೆ. ನಾಳೆ ಮಾಡೋಣ ಎಂದು ನಾಲ್ಕು ದಿನ ತಳ್ಳಿದ. ಐದನೆಯ ದಿನ ಅವಳೇ ಫೋನು ಮಾಡಿ, ‘ಮುಗೀತು ಸಾರ್, ಚರ್ಮ ಹುತ್ತಕ್ಕೆ ಹಾಕಿ ಬಂದ್ರು. ಅಪ್ಪ ಉಣ್ಣಲಿಲ್ಲ’ ಎಂದಳು. ‘ನೀವು ಹಿಡಿದಿಟ್ಟಿದ್ದೊಂದು ಐತಲ್ಲ, ಅಷ್ಟೇ ಸಮಾಧಾನ.’

ಆಮೇಲಿನ ಹನ್ನೊಂದು ದಿನ ಅವನು ಮಾಡಿದ್ದನ್ನು ಕೆಲಸ ಎನ್ನಬಹುದೋ ಗೊತ್ತಿಲ್ಲ. ಕೋಣೆಯ ಮೂಲೆಯಲ್ಲಿದ್ದ, ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳಿಲ್ಲದ ಕೊರಳಿನ ಹಳೆಯ ಬೇಸ್ ಗಿಟಾರು ತೆಗೆದು, ದಪ್ಪ ತಂತಿಯ ಮೇಲೆ ಬೆರಳಿನ ಮಾಂಸವನ್ನೇ ಉಜ್ಜಿ, ಜಾರಿಸಿ, ಕ್ಯಾತಪ್ಪನ ಎಡಗೈಯನ್ನು ಮಾಡತೊಡಗಿದ. ಬಲಮುಖದ ಬಡಿತಗಳು ಪರದೆಯ ಮೇಲೆ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಬುಡಕ್ಕೂ ತನ್ನದೊಂದನ್ನು ಕೂರಿಸುತ್ತ ಹೋದ. ಕಿವಿಯಿಂದಲ್ಲ, ಕಣ್ಣಿನಿಂದ. ಹಸಿರು ಗೆರೆ ಇಷ್ಟು ಏಳಬೇಕು, ಇಷ್ಟು ಹೊತ್ತು ನಡುಗಬೇಕು, ಹೀಗೆ ಸಾಯಬೇಕು. ಕುರುಡನೊಬ್ಬ ಲೆಕ್ಕ ಹಾಕಿ ಬಣ್ಣ ಬಳಿದಂತೆ ಎಂದು ನಡುವೆ ಅನ್ನಿಸಿ ಬೆರಳು ನಿಂತಿದ್ದವು. ಮುಗಿದ ಮೇಲೆ ತುಣುಕೊಂದನ್ನು ಶಾಂತಕುಮಾರಿಯ ಮೊಬೈಲಿಗೆ ಕಳಿಸಿದ. ‘ಸೂಪರ್ ಸಾರ್’ ಎಂದು ಬಂತು. ಮೊಬೈಲಿನ ಬಾಯಿ ರೇಡಿಯೋದ್ದಕ್ಕಿಂತ ಸಣ್ಣದು. ಅದಕ್ಕೇ ಅವನು ಅವಳಿಗೆ ಹೆದರಿರಲಿಲ್ಲ. ಕ್ಯಾತಪ್ಪನಿಗೂ ಅಷ್ಟಾಗಿ ಹೆದರಿರಲಿಲ್ಲ. ಮುದುಕನಿಗೆ ಕಿವಿ ಮಂದ, ಅವತ್ತು ಹಟ್ಟಿಯಲ್ಲೇ ಶಾಂತಕುಮಾರಿ ಹೇಳಿದ್ದಳು. ಒಬ್ಬ ಕಿವುಡ ಮುದುಕನ ನಂಬಿಕೆಯ ಮೇಲೆ ತನ್ನ ಮಾನ ನಿಂತಿದೆಯಲ್ಲ ಎಂಬ ನಾಚಿಕೆಯೂ, ಅವನು ಕಿವುಡನಾಗಿರುವುದು ಎಷ್ಟು ಒಳ್ಳೆಯದಾಯಿತು ಎಂಬ ನೆಮ್ಮದಿಯೂ ಒಂದೇ ಸಲ ಬರುತ್ತಿದ್ದವು.

ತಳಕು ದಾಟಿದೆವು ಎಂದು ಮೆಸೇಜು ಬಂತು. ಇನ್ನು ಅರ್ಧ ಗಂಟೆ. ಅಂಗೈ ಬೆವರಿದ್ದನ್ನು ಪ್ಯಾಂಟಿಗೆ ಒರೆಸಿಕೊಳ್ಳುವಾಗ ಕೆಂಚಣ್ಣನ ಕೈ ನೆನಪಾಯಿತು. ಕೆಂಚಣ್ಣ ಪಿಟೀಲು ನುಡಿಸುತ್ತಿದ್ದ ಹಿರಿಯ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಎಲ್ಲರಿಗೂ ಬೇಕಾದವ. ನುಡಿಸಿ ಮುಗಿಸಿದ ಕೂಡಲೆ ಬಿಲ್ಲು ಕೆಳಗಿಟ್ಟು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಗಾಜಿನ ಕಡೆ ನೋಡಿ ‘ಬಂತಾ?’ ಎಂದು ಕೇಳುವುದು ಅವನ ರೂಢಿ. ಕಡೆಕಡೆಗೆ ಅವನ ಸ್ವರ ಕೂದಲೆಳೆಯಷ್ಟು ಕೆಳಗೆ ನಿಲ್ಲತೊಡಗಿತ್ತು. ಗಾಜಿನ ಈ ಕಡೆಯಿಂದ ತಿಪ್ಪೇರುದ್ರ ಗುಂಡಿ ಒತ್ತಿ, ‘ಬಂತು ಕೆಂಚಣ್ಣಾರೇ, ಚೆನ್ನಾಗಿ ಬಂತು’ ಎನ್ನುತ್ತಿದ್ದ. ಎನ್ನುತ್ತಲೇ ಇನ್ನೊಂದು ಕೈಯಿಂದ ಆ ಟ್ರ್ಯಾಕನ್ನು ಅಳಿಸುತ್ತಿದ್ದ. ಆಮೇಲೆ ಬೇರೆಯವರನ್ನು ಕರೆಸಿ ನುಡಿಸುವುದು. ದಯೆಯಿಂದಲೇ ಮಾಡಿದ್ದು ಎಂದುಕೊಂಡಿದ್ದ. ತನ್ನ ಪಿಟೀಲು ಇಲ್ಲದ ಒಂದು ಹಾಡು ಹೊರಬಂದ ವಾರ ಕೆಂಚಣ್ಣ ಬಂದು ಹೊರಗಿನ ಬೆಂಚಿನ ಮೇಲೆ ಕೂತು ಚಹ ಕುಡಿದು ಹೋದ. ಆಮೇಲೆಯೂ ನಾಲ್ಕೈದು ಸಲ ನುಡಿಸಲು ಬಂದ. ಅಂಗೈ ಒರೆಸಿಕೊಳ್ಳುತ್ತಿದ್ದ, ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತಿದ್ದ. ‘ಬಂತಾ’ ಎಂದು ಮಾತ್ರ ಕೇಳಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಅವನು ಕುರ್ಚಿಯಿಂದ ನೆಗೆದೆದ್ದ. ಕ್ಯಾತಪ್ಪ ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟಿದ್ದ. ‘ಇರ್ಲಿ ಅಜ್ಜಾ, ಹಾಕ್ಕಂಡೇ ಬರ್ರಿ’ ಎಂದರೆ ಕೇಳಿಸಲಿಲ್ಲ. ನೆಟ್ಟಗಿನ ಆಳು, ಬಲಗೈಯ ಮಣಿಕಟ್ಟು ಮಾತ್ರ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದುಕೊಂಡು ಒಳಗೆ ಬಂದವನು ಕುರ್ಚಿ ನೋಡಲಿಲ್ಲ, ನೇರ ಗೋಡೆಯ ಕಂಬಳಿಯ ಹತ್ತಿರ ಹೋದ. ಅಂಚನ್ನು ಎರಡು ಬೆರಳ ನಡುವೆ ಹೊಸೆದ. ‘ಎಲ್ಲಿ ತಂದೆ?’ ‘ಇಲ್ಲೇ ಸಂತೇಲಿ.’ ಶಾಂತಕುಮಾರಿ ತಂದೆಯ ಕಿವಿಗೆ ಬಗ್ಗಿ, ತನ್ನ ದನಿಯನ್ನು ಎದೆಯಾಳಕ್ಕೆ ಇಳಿಸಿ ಗಂಡಸಿನ ಹಾಗೆ, ‘ಸಂತೇಲಂತಪ್ಪಾ’ ಎಂದಳು. ‘ಮೋಸ ಹೋಗೀಯ ಕಣಪ್ಪ. ಬೆರ್ಕೆ ಐತೆ. ಉಣ್ಣೆ ಜತಿಗೆ ನೂಲು ಸೇರ್ಸವ್ರೆ.’ ‘ನೋಡಾಕೆ ಗೊತ್ತಾಗಲ್ಲ ಬಿಡಪ್ಪಾ’ ಎಂದಳು ಮಗಳು. ‘ನೋಡಾಕೆ ಯಾವ್ದು ಗೊತ್ತಾಗ್ತೈತೆ’ ಎಂದು ಮುದುಕ ಕೂತ.

ತಿಪ್ಪೇರುದ್ರ ಚಹ ತರಿಸಲೇ ಎಂದ, ನೀರು ಕೊಟ್ಟ, ಬಸ್ಸಿನಲ್ಲಿ ಜಾಗ ಸಿಕ್ಕಿತೇ ಎಂದು ಕೇಳಿದ. ಶಾಂತಕುಮಾರಿಯ ಮೊಬೈಲು ಚೀಲದಲ್ಲಿ ಕಿರುಚಿಕೊಂಡಿತು. ಪಕ್ಕದಲ್ಲೇ ಇದ್ದ ಮುದುಕನ ರೆಪ್ಪೆ ಕೂಡ ಅಲುಗಲಿಲ್ಲ. ಅವಳು ಅದನ್ನು ಆರಿಸಿದಳು. ಅಷ್ಟರಲ್ಲಿ ಕ್ಯಾತಪ್ಪ ಮುಚ್ಚಿದ ಬಾಗಿಲ ಕಡೆ ಕತ್ತು ತಿರುಗಿಸಿ, ‘ದೊಡ್ಡ ಗಾಡಿ’ ಎಂದ. ಏನೂ ಇರಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ ಮಿಲ್ಲಿನ ತಿರುವಿನಲ್ಲಿ ಬ್ರೇಕು ಕಿರ್ ಎಂದಿತು. ತಿಪ್ಪೇರುದ್ರನಿಗೆ ಡಾಕ್ಟರಮ್ಮನ ಎರಡು ಗೆರೆಗಳು ಕಣ್ಣಮುಂದೆ ಬಂದವು: ಇಳಿಯುವ ಗೆರೆ, ಏರುವ ಗೆರೆ. ಮೊದಲು ಹೋಗುವುದು ಹಕ್ಕಿ ಕೂಗು, ಹೆಂಗಸರ ಮಾತು. 'ಕಿವಿ ಮಂದ' ಎಂಬ ಮಾತಿನಲ್ಲಿ ತನ್ನಂಥ ಓದಿದವನು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದನಲ್ಲ! ಈ ಮುದುಕನಿಗೆ ಉಳಿದಿರುವುದೇ ತಗ್ಗು. ತಾನು ಕಣ್ಣಳತೆಯಲ್ಲಿ ಮಾಡಿದ್ದೇ ಇವನಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸುವುದು.

‘ಹಾಕಿ ಸಾರ್’ ಎಂದಳು ಶಾಂತಕುಮಾರಿ. ‘ಒಂದು ಸಣ್ಣ ಕೆಲಸ ಬಾಕಿ ಐತೆ, ಮುಂದಿನ ವಾರ...’ ಎಂದ. ಅವಳು ನಂಬದೆ ನಕ್ಕಳು. ‘ಅಪ್ಪನ್ನ ಈಗ ಎಬ್ಬಿಸ್ಕಂಡು ಹೋಗಾಕಾಗ್ತೈತಾ?’ ಗುಂಡಿ ಒತ್ತಿದ. ತನಗೆ ಕೇಳುತ್ತಿದ್ದದ್ದು ಬಲಮುಖದ ಒಣ ಬಡಿತ, ತಕ್ ತಕ್ಕ ತಕ್, ಬಯಲಿನ ಗಾಳಿಯ ಸಿಳ್ಳು. ಅದರ ಕೆಳಗೆ ಎದೆಗೂಡಿಗೆ ಯಾರೋ ಹೊರಗಿನಿಂದ ಕೈಯಿಟ್ಟು ಒತ್ತಿದಂತೆ ಒಂದು ಭಾರ, ಅದು ಸದ್ದೋ ಹೆದರಿಕೆಯೋ ತಿಳಿಯಲಿಲ್ಲ. ಮುದುಕನ ಮುಖ ನೋಡುವುದು ಬೇಡವೆಂದುಕೊಂಡು ಅದನ್ನೇ ನೋಡಿದ. ಕಣ್ಣು ಮುಚ್ಚಿತ್ತು. ಎಡಗೈ ತೊಡೆಯ ಮೇಲೆ ಕೋಲು ಹಿಡಿದಂತೆ ಬಾಗಿ, ಜಾರಲು ಹೊರಟು, ನಿಂತಿತು. ಮತ್ತೆ ಹೊರಟು, ನಿಂತಿತು. ಎರಡು ನಿಮಿಷ, ಮೂರು ನಿಮಿಷ. ಜನಸಂದಣಿಯಲ್ಲಿ ಯಾರೋ ಪದೇ ಪದೇ ಹಿಮ್ಮಡಿ ತುಳಿಯುತ್ತಿದ್ದರೆ ಆಗುವಂಥ ಸಣ್ಣ ಸಿಡುಕು ಮುದುಕನ ಹುಬ್ಬಿನ ನಡುವೆ ಕೂಡುತ್ತ ಬಂತು. ಯಾರಿಗೂ ಗೊತ್ತಾಗಾಕಿಲ್ಲ, ಧೈರ್ಯವಾಗಿರು, ಎಂದಿದ್ದ ಚಂದ್ರಣ್ಣ. ಮುದುಕ ಕೈಯೆತ್ತಿದ. ತಿಪ್ಪೇರುದ್ರ ನಿಲ್ಲಿಸಿದ.

‘ಎವುರ್ರಾ ವಾಡು?’ ಎಂದ ಕ್ಯಾತಪ್ಪ, ಮನೆಮಾತು ತೆಲುಗಿನಲ್ಲಿ. ಕಣ್ಣು ತೆರೆದು, ಕನ್ನಡಕ್ಕೆ ತಿರುಗಿ, ‘ಯಾರವ್ನು ಒಳಗೆ?’

‘ಯಾರೂ ಇಲ್ಲಪ್ಪ, ನೀನೇ. ನಿಂದೇ ಅದು’ ಎಂದಳು ಮಗಳು.

‘ಬಲಮುಖ ನಂದು. ಎಡಮುಖ ಬೆರ್ಕೆ. ಯಾರೋ ಅಂಜ್ಕಂಡು ಉಜ್ಜವ್ನೆ. ನನ್ ಬಡ್ತ ಬೀಳಾಗಂಟ ಕಾಯ್ತಾನೆ, ಬಿದ್ಮ್ಯಾಕೆ ಬತ್ತಾನೆ. ಉರುಮ್ಯಾಗೆ ಎಡಗೈ ಮುಂದೆ ಹೋಗ್ಬೇಕು, ಬಲಗೈ ಅದ್ರ ಹಿಂದೆ ಓಡ್ಬೇಕು. ಇವ್ನು ಯಾವನೋ ಜೀತದಾಳು ಇದ್ದಂಗವ್ನೆ.’

ಅವನು ಒದ್ದಾಗ ನೀನು ಮೀಟು. ಇಪ್ಪತ್ತೆಂಟು ವರ್ಷ ಬೇರೆಯವರ ಬಡಿತಕ್ಕೆ ಕಾದು, ಅದರ ಬುಡಕ್ಕೆ ತನ್ನದನ್ನು ಸರಿಯಾಗಿ ಕೂರಿಸುವುದನ್ನೇ ಕಲೆ ಎಂದು ಕಲಿತ ಬೆರಳುಗಳು. ಕಿವಿ ಸರಿಯಿದ್ದಿದ್ದರೂ ಇದೇ ತಪ್ಪನ್ನು ಮಾಡುತ್ತಿದ್ದೆ ಎಂಬುದು ಹೊಳೆದು, ಅದು ಇನ್ನೊಂದು ಬಗೆಯ ಭಯವಾಗಿ ಒಳಗಿಳಿಯಿತು. ‘ನಾನೇ’ ಎಂದ.

‘ಆಂ?’ ಎಂದ ಮುದುಕ.

‘ನಾನೇ ಅಜ್ಜಾ, ಬಾರ್ಸಿದ್ದು.’

‘ಏನಂತಾನೆ ಇವ್ನು?’ ಮುದುಕ ಮಗಳ ಕಡೆ ತಿರುಗಿದ. ತನ್ನ ದನಿ ಎಷ್ಟು ದಪ್ಪಗಿದೆ, ಎಷ್ಟು ತೆಳ್ಳಗಿದೆ ಎಂದು ತಿಪ್ಪೇರುದ್ರನಿಗೇ ತಿಳಿಯುತ್ತಿರಲಿಲ್ಲ. ಎದ್ದು ನಿಂತು, ಗಂಟಲನ್ನು ಆದಷ್ಟು ಕೆಳಗಿಳಿಸಿ, ಸಂತೆಯಲ್ಲಿ ಕೂಗುವವನ ಹಾಗೆ ಕೂಗಿದ: ‘ಅವತ್ತು ಎಡಮುಖ ಹಿಡೀಲಿಲ್ಲ ಮಿಷನ್ನು. ನಂಗೆ ಗೊತ್ತಾಗ್ಲಿಲ್ಲ. ನಂಗೆ ಕೇಳ್ಸಲ್ಲ! ತಗ್ಗಿನ ಸದ್ದು ಕೇಳ್ಸಲ್ಲ ನಂಗೆ!’ ಕಂಬಳಿಗಳು ಅದನ್ನು ಕುಡಿದವು. ಹದಿಮೂರು ತಿಂಗಳು ಹೆಂಡತಿಗೂ ಹೇಳದ ಮಾತು ಕೋಣೆಯ ನಡುವೆ ಬಿದ್ದು, ಮುದುಕನಿಗೆ ಮಾತ್ರ ತಲುಪಲಿಲ್ಲ. ಅವನು ಇನ್ನೂ ಮಗಳ ತುಟಿಯನ್ನೇ ನೋಡುತ್ತಿದ್ದ. ಶಾಂತಕುಮಾರಿ ತಿಪ್ಪೇರುದ್ರನನ್ನು ನೋಡುತ್ತಿದ್ದಳು. ‘ಚರ್ಮ ಹುತ್ತಕ್ಕೆ ಹೋಯ್ತಲ್ಲ ಸಾರ್’ ಎಂದಳು ಮೆಲ್ಲಗೆ. ಕೋಪದಿಂದ ಹೇಳಿದ್ದರೆ ಸಹಿಸಬಹುದಿತ್ತು. ಆಮೇಲೆ ತಂದೆಯ ಕಡೆ ಬಗ್ಗಿ, ದಿನಾ ಎಷ್ಟೋ ಜನರ ಎಷ್ಟೋ ಮಾತನ್ನು ದಾಟಿಸುವ ಅದೇ ಗಡಸು ದನಿಯಲ್ಲಿ, ಒಂದನ್ನೂ ಬಿಡದೆ ದಾಟಿಸಿದಳು: ‘ಅವ್ರೇ ಬಾರ್ಸಿದ್ದಂತಪ್ಪಾ. ನಿಂದು ಬಂದಿಲ್ವಂತೆ. ಗಿಟಾರಾಗೆ ಬಾರ್ಸಿ ಸೇರ್ಸವ್ರಂತೆ. ಅವ್ರಿಗೆ ಕೇಳ್ಸಲ್ವಂತೆ.’

ತನ್ನ ಬದುಕು ಇನ್ನೊಬ್ಬರ ಬಾಯಲ್ಲಿ ಅಂತೆ ಅಂತೆ ಎಂದು ಹೋಗುವುದನ್ನು ತಿಪ್ಪೇರುದ್ರ ಕೈಕಟ್ಟಿ ನಿಂತು ಕೇಳಿದ. ಕ್ಯಾತಪ್ಪ ಕುಣಿಯುವ ಮಣಿಕಟ್ಟನ್ನು ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ. ಆಮೇಲೆ ಮಗಳಿಗೆ, ‘ಕಿವುಡನ್ನ ಕರ್ಕಂಡು ಕಿವುಡನ ಮನೆಗೆ ಬಂದೀಯಲ್ಲೇ’ ಎಂದ. ನಕ್ಕನೋ ಬೈದನೋ ತಿಳಿಯಲಿಲ್ಲ. ತಿಪ್ಪೇರುದ್ರನಿಗೆ ಗದ್ದದಿಂದ ಸನ್ನೆ ಮಾಡಿ, ‘ಆ ಕೋಲು ತಂದು ಮುಂದಿಡು’ ಎಂದ. ಮೈಕು. ‘ನಮ್ಮಪ್ಪ ನಂಗೆ ಮೊದ್ಲು ಬಾಯಾಗೇ ಕಲ್ಸಿದ್ದು. ಎಡಗೈ ಮಾತು ಬಾಯಾಗೆ ಹೇಳ್ತೀನಿ. ಅದ್ನಾರಾ ಹಿಡಿ.’

ತಿಪ್ಪೇರುದ್ರ ರೆಕಾರ್ಡರಿನ ಬೆನ್ನಿನ ಸ್ವಿಚ್ಚನ್ನು ಉಗುರಿನಿಂದ ಮೂರು ಸಲ ಮುಟ್ಟಿ ನೋಡಿದ. ಕನ್ನಡಕ ತೆಗೆದು ಹತ್ತಿರದಿಂದ ನೋಡಿದ. ಮೈಕನ್ನು ಮುದುಕನ ಬಾಯಿಯಿಂದ ಒಂದು ಗೇಣು ದೂರ ನಿಲ್ಲಿಸಿ, ಕೆಂಪು ದೀಪ ಹಚ್ಚಿ, ಹೆಡ್‌ಫೋನ್ ಹಾಕಿಕೊಂಡ. ಕ್ಯಾತಪ್ಪ ಕಣ್ಣು ಮುಚ್ಚಿ, ತುಟಿ ಮುಚ್ಚಿ, ಎದೆ ತುಂಬಿಕೊಂಡ. ತಿಪ್ಪೇರುದ್ರನಿಗೆ ಕೇಳಿಸಿದ್ದು ಮೂಗಿನಿಂದ ಗಾಳಿ ಹೊರಡುವ ಸಣ್ಣ ಸೀಳು, ಎಂಜಲು ನುಂಗಿದ್ದು, ಹೊಸ ಪಂಚೆಯ ಗಂಜಿ ಮುರಿದ ಸದ್ದು. ಆದರೆ ಪರದೆಯ ಮೇಲೆ ಹಸಿರು ಎದ್ದಿತ್ತು. ಹನ್ನೊಂದು ದಿನ ಅವನು ಬಿಡಿಸಿದ, ತಿದ್ದಿದ ಆ ಗೆರೆಗಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇದು ಯಾವುದಕ್ಕೂ ಕಾಯದೆ ಏಳುತ್ತಿತ್ತು, ಅಂಚಿಗೆ ಬಂದು ಬೀಳದೆ ನಿಲ್ಲುತ್ತಿತ್ತು. ಕುರ್ಚಿಯ ಕಬ್ಬಿಣದ ಕಾಲು ನೆಲಕ್ಕೆ ತಾಗಿ ಜಿರ್ ಎನ್ನುತ್ತಿತ್ತು, ಅದು ಕೇಳಿಸಿತು. ಶಾಂತಕುಮಾರಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಎಷ್ಟು ಹೊತ್ತಾಯಿತೋ. ಹಸಿರು ತಗ್ಗಿ ತಗ್ಗಿ ನೆಲಕ್ಕೆ ಕೂತಿತು. ಮುದುಕ ಕಣ್ಣು ತೆರೆದು, ಬೆವರಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ತಿಪ್ಪೇರುದ್ರನ ಕಡೆ ನೋಡಿದ.

‘ಬಂತಾ?’

ಬಂತು ಎನ್ನುವುದು ತುದಿನಾಲಗೆಗೆ ಬಂದಿತ್ತು. ಗೆರೆ ಬಂದಿತ್ತು, ಅಂಕಿ ಬಂದಿತ್ತು. ಅವನು ಹೆಡ್‌ಫೋನ್ ತೆಗೆದು ಶಾಂತಕುಮಾರಿಯ ಕಡೆ ಚಾಚಿದ. ಅವಳು ಹಾಕಿಕೊಂಡಳು. ಈಗಷ್ಟೇ ಹಿಡಿದದ್ದನ್ನು ಮೊದಲಿಂದ ಹಚ್ಚಿದ. ಹಚ್ಚುವ ಆತುರದಲ್ಲಿ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತದ್ದು, ಕೆಂಪು ದೀಪ ಹಾಗೇ ಉರಿಯುತ್ತಿದ್ದದ್ದು ಅವನಿಗೆ ಆಮೇಲೆ ಕಂಡಿತು. ‘ಬಂತೇನಮ್ಮ?’ ಎಂದ. ಅವಳು ಕೇಳುತ್ತಲೇ ಇದ್ದಳು. ಬಹಳ ಹೊತ್ತು ಕೇಳಿ, ಹೆಡ್‌ಫೋನ್ ತೆಗೆದು, ‘ಬಂತು ಸಾರ್. ಚೆನ್ನಾಗಿ ಬಂತು’ ಎಂದಳು.

ಕೆಂಚಣ್ಣನಿಗೆ ತಾನು ಹೇಳುತ್ತಿದ್ದ ಮಾತು ಅದೇ; ಅವನು ಅವಳ ಕೈಗಳನ್ನು ನೋಡಿದ. ಎರಡೂ ಮಡಿಲಲ್ಲಿದ್ದವು, ಏನನ್ನೂ ಅಳಿಸುತ್ತಿರಲಿಲ್ಲ. ‘ಏನಂತೆ?’ ಎಂದ ಮುದುಕ. ಶಾಂತಕುಮಾರಿ ತಂದೆಯ ಕಿವಿಗೆ ಬಾಯಿ ಹಚ್ಚಿ, ಅಂಗೈ ಮರೆ ಮಾಡಿ, ದನಿಯನ್ನು ಇನ್ನೂ ಆಳಕ್ಕೆ ಇಳಿಸಿ ಏನೋ ಹೇಳಿದಳು. ಒಂದು ಮಾತಿಗಿಂತ ಹೆಚ್ಚೇ ಇತ್ತು. ತಿಪ್ಪೇರುದ್ರನಿಗೆ ಅವಳ ಕೆನ್ನೆ ಅಲುಗುವುದು ಕಂಡಿತು, ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ಅವಳ ಮಾತಿನಷ್ಟು ಹೊತ್ತು ಎದ್ದು ನಡುಗಿತು, ಕೂತಿತು; ಮಾತು ಮೈಕಿಗೆ ಸಿಕ್ಕಿತ್ತು, ಅವನಿಗೆ ಸಿಕ್ಕಿರಲಿಲ್ಲ. ಕ್ಯಾತಪ್ಪ ಅದನ್ನು ಪೂರ್ತಿ ಕೇಳಿಸಿಕೊಂಡು, ಹೂಂ ಎಂದು ತಲೆಯಾಡಿಸಿ, ನಿಧಾನವಾಗಿ ಮುಖವೆತ್ತಿ ಅವನನ್ನೇ ನೋಡತೊಡಗಿದ.